ಶಿಖರವೂ ಸರಪಣಿಯೂ

ಮೊನ್ನೆ ಆದಿತ್ಯವಾರ ಬೆಳಗ್ಗೆ ಬಸವೇಶ್ವರನಗರದ ನಮ್ಮ ಹಿರಿಯ ಮಿತ್ರರೊಬ್ಬರು ತಮ್ಮ ಮೊಮ್ಮಗನ ಕೈಹಿಡಿದುಕೊಂಡು ನಮ್ಮ ಕಚೇರಿಗೆ ದಯಮಾಡಿಸಿದ್ದರು. ಇವರು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಸರಕಾರದ ಮೋಜಣಿ ಇಲಾಖೆಯಲ್ಲಿ ಸರಪಣಿ ಎಳೆಸಿ, ಬಾಂದುಕಲ್ಲು ನೆಡಿಸಿ, ವಿಶ್ರಾಂತಿವೇತನಕ್ಕೆ ಬಂದವರು. ಹುಡುಗನಿಗೆ ಶಾಲೆಯಲ್ಲಿ ಎವರೆಸ್ಟ್ ಶಿಖರದ ಪಾಠವಾಗಿತ್ತಂತೆ. ಮನುಷ್ಯನು ಆ ಶಿಖರದ ಮೇಲೆ ಕಾಲಿಟ್ಟು ಹಿಂದಿರುಗಿದುದು 1953ರ ಮೇ 29ರಂದು ಎಂದೂ, ಅದರ ಎತ್ತರವು 1856ರಲ್ಲಿಯೇ ಪ್ರಕಟವಾಗಿತ್ತೆಂದೂ ಒಂದೇ ಪುಟದಲ್ಲಿ ಓದಿದ ಬಾಲಕನು, "ತಾತ, ಯಾರೂ ಹತ್ತದೆ ಇದ್ದ ಬೆಟ್ಟವನ್ನು ನೂರು ವರ್ಷ ಮೊದಲೇ ಅಳೆದವರು ಯಾರು? ಎಲ್ಲಿ ನಿಂತು ಅಳೆದರು?" ಎಂದು ಕೇಳಿದನಂತೆ. "ನಮ್ಮ ಬೆಂಗಳೂರಿನಿಂದಲೇ ಅದು ಆರಂಭವಾಯಿತು, ಮಗು" ಎಂದು ತಾತನವರು ಹೇಳಿದರೆ ಹುಡುಗ ನಂಬಲೊಲ್ಲನು. ಪತ್ರಿಕೆಯವರು ಹೇಳಿದರೆ ನಂಬಿಯಾನೆಂದು ಆತನನ್ನು ನಮ್ಮ ಬಳಿಗೆ ಕರೆತಂದಿದ್ದರು.

ಪತ್ರಿಕೆಯ ಮಾತಿನಲ್ಲಿ ಆ ಮನೆಯವರಿಟ್ಟಿರುವ ವಿಶ್ವಾಸಕ್ಕೆ ನಾವು ಕೃತಜ್ಞರು. ಹುಡುಗನಿಗೆ ಆ ಹೊತ್ತು ಹೇಳಿದ ಉತ್ತರವನ್ನೇ ಕೊಂಚ ವಿಸ್ತರಿಸಿ ವಾಚಕರ ಮುಂದಿಡುತ್ತಿದ್ದೇವೆ. ಪ್ರಶ್ನೆ ಬಾಲಕನದಾದರೂ ಅದರ ಉತ್ತರದಲ್ಲಿ ದೊಡ್ಡವರಾದ ನಾವು ತಲೆತಗ್ಗಿಸಬೇಕಾದ ಸಂಗತಿಯೊಂದಿದೆ.

ಮೊದಲು ಶಿಖರದ ವಿಚಾರ. ನೇಪಾಳಕ್ಕೂ ಚೀನದ ಆಡಳಿತಕ್ಕೆ ಒಳಪಟ್ಟ ಟಿಬೆಟ್ಟಿಗೂ ನಡುವೆ, ಎರಡು ರಾಜ್ಯಗಳ ಗಡಿಯ ಮೇಲೆಯೇ, ಈ ಪರ್ವತವು ನಿಂತಿದೆ. 1961ರ ಅಕ್ಟೋಬರ್ 5ರಂದು ಆ ಎರಡು ರಾಜ್ಯಗಳು ಮಾಡಿಕೊಂಡ ಗಡಿಯ ಕರಾರಿನಂತೆ ಗಡಿರೇಖೆಯು ಶಿಖರದ ನೆತ್ತಿಯ ಮೇಲೆ ಹಾದುಹೋಗುತ್ತದೆ. ದಕ್ಷಿಣದ ಮಗ್ಗುಲಿನಲ್ಲಿ ಖುಂಬು ಹಿಮನದಿ ನೇಪಾಳಕ್ಕೆ ಇಳಿದರೆ, ಉತ್ತರದಲ್ಲಿ ರೋಂಗ್‌ಬುಕ್, ಪೂರ್ವದಲ್ಲಿ ಕಾಂಗ್‌ಶುಂಗ್ ಹಿಮನದಿಗಳು ಟಿಬೆಟ್ಟಿಗೆ ಇಳಿಯುತ್ತವೆ. ನೇಪಾಳಿಗಳು ಅದನ್ನು ಸಾಗರಮಾಥಾ ಎನ್ನುತ್ತಾರೆ. ಟಿಬೆಟ್ಟಿನವರಿಗೆ ಅದು ಚೋಮೋಲುಂಗ್ಮಾ. ಭಾರತದ ನೆಲದಲ್ಲಿ ಅದರ ಒಂದು ಬೊಗಸೆ ಹಿಮವೂ ಇಲ್ಲ. ಆದರೂ ಆ ಹೆಸರು ಕಿವಿಗೆ ಬಿದ್ದೊಡನೆ ನಮ್ಮವರ ಎದೆ ಉಬ್ಬುತ್ತದೆ. ಹಿಮಾಲಯವೆಂದರೆ ನಮ್ಮದೆಂಬ ಭಾವನೆ ಪುರಾಣಕಾಲದಿಂದ ರಕ್ತಗತವಾಗಿ ಬಂದಿರುವುದರಿಂದ ಹೀಗಾಗುವುದು ಸಹಜವೇ ಆಗಿದೆ.

ನಮ್ಮ ಹಿರಿಯರು ಮಗ್ಗಿಯ ಜೊತೆಗೆ ಬಾಯಿಪಾಠ ಮಾಡಿದ ಭೂಗೋಳದಲ್ಲಿ ಈ ಶಿಖರದ ಹೆಸರು ಗೌರೀಶಂಕರ ಎಂದಿತ್ತು. ಕೇಳುವುದಕ್ಕೆ ಇಂಪಾಗಿದ್ದರೂ ಅದು ತಪ್ಪು. ಗೌರೀಶಂಕರವೆಂಬುದು ಎವರೆಸ್ಟಿನ ಪಶ್ಚಿಮಕ್ಕೆ ಐವತ್ತು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿರುವ ಬೇರೊಂದು ಶಿಖರ. ಅದರ ಎತ್ತರ 7,134 ಮೀಟರು. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನ್ ಪ್ರವಾಸಿಯೊಬ್ಬನು ಎರಡನ್ನೂ ಒಂದೆಂದು ಭ್ರಮಿಸಿದನು. 1903ರಲ್ಲಿ ಹೆನ್ರಿ ವುಡ್ ಎಂಬ ಮೋಜಣಿ ಅಧಿಕಾರಿ ನೇಪಾಳಕ್ಕೆ ಹೋಗಿ ಪರೀಕ್ಷಿಸಿ, ಅವು ಎರಡೆಂದು ನಿರ್ಧರಿಸಿದನು. ಆದಾಗ್ಯೂ ಕನ್ನಡದ ಬಾಯಿಯಲ್ಲಿ ಆ ಹೆಸರು ಬಹುಕಾಲ ಉಳಿಯಿತು. ಪ್ರೀತಿಯಿಂದ ಇಟ್ಟುಕೊಂಡ ಹೆಸರಾದರೂ ಅಳತೆಯ ಮುಂದೆ ನಿಲ್ಲಲಾರದು.

ಇನ್ನು ಬೆಂಗಳೂರಿನ ವಿಚಾರಕ್ಕೆ ಬರೋಣ. 1799ರಲ್ಲಿ ಇಂಗ್ಲಿಷರ ಸೈನ್ಯವು ಶ್ರೀರಂಗಪಟ್ಟಣವನ್ನು ಮುತ್ತಿದ್ದಾಗ ಅದರಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿಯೊಬ್ಬನಿದ್ದನು. ಒಂದು ರಾತ್ರಿ ಜನರಲ್ ಬೇರ್ಡನ ತುಕಡಿ ಕತ್ತಲಲ್ಲಿ ದಾರಿತಪ್ಪಿ ಟೀಪೂ ಸುಲ್ತಾನನ ಪಾಳೆಯದ ಕಡೆಗೇ ನಡೆಯುತ್ತಿದ್ದಿತು. ಲ್ಯಾಂಬ್ಟನ್ನನು ನಕ್ಷತ್ರಗಳನ್ನು ನೋಡಿ, ನಾವು ದಕ್ಷಿಣಕ್ಕಲ್ಲ, ಉತ್ತರಕ್ಕೆ ಹೋಗುತ್ತಿದ್ದೇವೆಂದು ಎಚ್ಚರಿಸಿದನೆಂದು ಹೇಳುತ್ತಾರೆ. ಅದೇ ವರ್ಷದ ಮೇ 4ರಂದು ಪಟ್ಟಣವು ಬಿದ್ದಿತು. ಮೈಸೂರು ಕೈವಶವಾದ ಬಳಿಕ ಕಂಪೆನಿಯವರಿಗೆ ಗೆದ್ದ ದೇಶದ ಉದ್ದಗಲಗಳನ್ನು ತಿಳಿಯುವ ಅವಸರವಾಯಿತು. ಮೈಸೂರು ಸೀಮೆಯ ಮೋಜಣಿಯನ್ನು ಕಾಲಿನ್ ಮೆಕೆಂಜಿಗೆ ಒಪ್ಪಿಸಿದರು. ಲ್ಯಾಂಬ್ಟನ್ನನಾದರೋ ಬೇರೊಂದು ದೊಡ್ಡ ಯೋಜನೆಯನ್ನು ಮುಂದಿಟ್ಟನು. ಸಮುದ್ರದಿಂದ ಸಮುದ್ರದವರೆಗೆ ತ್ರಿಕೋನಗಳ ಜಾಲವನ್ನು ಹೆಣೆದು, ಭೂಮಿಯ ಆಕಾರವನ್ನೇ ಅಳೆದುಬಿಡುವ ಯೋಜನೆ ಅದು.

ಇದರ ಮರ್ಮವು ಶಾಲೆಯ ರೇಖಾಗಣಿತವನ್ನು ಬಲ್ಲವರಿಗೆ ಕಠಿಣವೇನಲ್ಲ. ಸಮನಾದ ಬಯಲಿನಲ್ಲಿ ಏಳೆಂಟು ಮೈಲಿಯ ಒಂದು ನೇರ ಗೆರೆಯನ್ನು ಅಂಗುಲ ತಪ್ಪದಂತೆ ಅಳೆಯಬೇಕು. ಇದಕ್ಕೆ ಆಧಾರರೇಖೆ ಎನ್ನೋಣ. ಆ ರೇಖೆಯ ಎರಡು ತುದಿಗಳಿಂದಲೂ ದೂರದ ಬೆಟ್ಟವೊಂದನ್ನು ನೋಡಿ, ಎರಡು ಕೋನಗಳನ್ನು ಗುರುತಿಸಿಕೊಳ್ಳಬೇಕು. ಒಂದು ಭುಜವೂ ಎರಡು ಕೋನಗಳೂ ಗೊತ್ತಾದರೆ ಉಳಿದ ಎರಡು ಭುಜಗಳ ಉದ್ದವು ಲೆಕ್ಕದಿಂದ ದೊರೆಯುತ್ತದೆ. ಆ ಭುಜಗಳ ಮೇಲೆ ಮತ್ತೆ ತ್ರಿಕೋನ, ಅದರ ಮೇಲೆ ಇನ್ನೊಂದು. ಹೀಗೆ ಬೆಟ್ಟದಿಂದ ಬೆಟ್ಟಕ್ಕೆ ದಾಟುತ್ತ ಸಾವಿರ ಮೈಲಿ ಹೋಗಬಹುದು. ಕಟ್ಟಕಡೆಗೆ ಯಾರೂ ಹತ್ತದ ಹಿಮಶಿಖರವನ್ನು ದೂರದಿಂದಲೇ ನೋಡಿ, ದೃಷ್ಟಿ ಎಷ್ಟು ಮೇಲಕ್ಕೆ ಏರಿತೆಂಬ ಕೋನದಿಂದ ಅದರ ಎತ್ತರವನ್ನು ಹೇಳಬಹುದು. ಮೊದಲನೆಯ ರೇಖೆಯಲ್ಲಿ ತಪ್ಪಾದರೆ ಮುಂದಿನದೆಲ್ಲ ತಪ್ಪು. ಅಡಿಪಾಯದ ಮೇಲೆ ಗೋಪುರ ನಿಂತಂತೆ ಶಿಖರದ ಅಂಕೆಯು ಆಧಾರರೇಖೆಯ ಮೇಲೆ ನಿಂತಿದೆ.

ಲ್ಯಾಂಬ್ಟನ್ನನು ಇಂತಹ ರೇಖೆಯನ್ನು ಮೊತ್ತಮೊದಲು ಎಳೆದದ್ದು 1800ರಲ್ಲಿ, ನಮ್ಮ ಬೆಂಗಳೂರಿನ ಬಳಿಯಲ್ಲಿ. ತ್ರಿಕೋನ ಮೋಜಣಿಯ ವಿಧ್ಯುಕ್ತವಾದ ಆರಂಭವು 1802ರ ಏಪ್ರಿಲ್ 10ರಂದು ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಆಯಿತೆಂಬುದು ನಿಜ. ಬೆಂಗಳೂರಿನದು ಅದರ ಪೂರ್ವಾಭ್ಯಾಸ. ಈ ಅಂಶದಲ್ಲಿ ನಮ್ಮ ಮಿತ್ರರ ಮಾತಿಗೆ ಅಷ್ಟು ತಿದ್ದುಪಡಿ ಅವಶ್ಯವೆಂದು ಅವರ ಮೊಮ್ಮಗನ ಎದುರಿನಲ್ಲಿಯೇ ಅರಿಕೆ ಮಾಡಿಕೊಂಡೆವು, ಅವರು ಒಪ್ಪಿದರು.

ಆ ಅಳತೆಗೆ ಬಳಸಿದ ಉಕ್ಕಿನ ಸರಪಣಿಯ ಕಥೆ ಸ್ವಾರಸ್ಯವಾಗಿದೆ. ಎರಡೂವರೆ ಅಡಿಯ ನಲವತ್ತು ಸಲಾಕೆಗಳನ್ನು ಜೋಡಿಸಿ ಮಾಡಿದ, ನೂರು ಅಡಿ ಉದ್ದದ ಆ ಸರಪಣಿಯನ್ನು 1793ರಲ್ಲಿ ಮೆಕಾರ್ಟ್ನಿ ಎಂಬ ಇಂಗ್ಲಿಷ್ ರಾಯಭಾರಿಯು ಚೀನದ ಚಕ್ರವರ್ತಿಗೆ ಉಡುಗೊರೆಯಾಗಿ ಕೊಂಡೊಯ್ದಿದ್ದನು. ಚಕ್ರವರ್ತಿಗೆ ಅದು ಬೇಡವಾಯಿತು. ರಾಯಭಾರದ ಜೊತೆಗಿದ್ದ ಡಿನ್ವಿಡ್ಡಿ ಎಂಬ ಪಂಡಿತನ ಕೈಯಲ್ಲಿ ಅದು ಕಲ್ಕತ್ತೆಗೆ ಬಂದಿತು. ಅಲ್ಲಿಂದ ಲ್ಯಾಂಬ್ಟನ್ನನಿಗೆ ದೊರೆಯಿತು. ಚೀನ ದೇಶವು ಬೇಡವೆಂದ ಸರಪಣಿಯು ಬೆಂಗಳೂರಿನ ಬಯಲಿನಲ್ಲಿ ಬಿಚ್ಚಿಕೊಂಡಿತು. ಆ ಸರಪಣಿಯಿಂದ ಹೊರಟ ಲೆಕ್ಕವು ಅರ್ಧ ಶತಮಾನದ ಮೇಲೆ ತಲುಪಿದ ಶಿಖರದಲ್ಲಿ ಇಂದು ಅರ್ಧ ಭಾಗವು ಚೀನದ ಗಡಿಯೊಳಗಿದೆ.

ಮದರಾಸಿನಿಂದ ಬೆಟ್ಟಬೆಟ್ಟಗಳ ಮೇಲೆ ತ್ರಿಕೋನಗಳನ್ನು ಕಟ್ಟಿಕೊಂಡು ಪಶ್ಚಿಮಕ್ಕೆ ಬಂದ ಲ್ಯಾಂಬ್ಟನ್ನನಿಗೆ ತನ್ನ ಲೆಕ್ಕವು ಸರಿಯೇ ಎಂಬುದನ್ನು ಪರೀಕ್ಷಿಸಬೇಕಾಯಿತು. 1804ರಲ್ಲಿ ಬೆಂಗಳೂರಿನ ಬಳಿ ಏಳು ಮೈಲಿಗೂ ಮಿಕ್ಕ ಇನ್ನೊಂದು ಆಧಾರರೇಖೆಯನ್ನು ಅಳೆಯಿಸಿದನು. ಸರಪಣಿಯು ಬಿಸಿಲಿಗೆ ಹಿಗ್ಗುವುದರಿಂದ ಅದನ್ನು ಮರದ ಪೆಟ್ಟಿಗೆಗಳಲ್ಲಿ ಮಲಗಿಸಿ, ಪಕ್ಕದಲ್ಲಿ ಉಷ್ಣಮಾಪಕಗಳನ್ನಿಟ್ಟು, ಪ್ರತಿಯೊಂದು ಎಳೆತದಲ್ಲಿಯೂ ಬಿಸಿಯ ಲೆಕ್ಕವನ್ನು ಕಳೆದು ಕೂಡಿಸಬೇಕಾಗಿತ್ತು. ಈ ಕೆಲಸವನ್ನು ಮಾಡಿದವನು ಲೆಫ್ಟೆನೆಂಟ್ ಜಾನ್ ವಾರನ್. ಕೋಲಾರದ ಚಿನ್ನದ ವಿಚಾರವಾಗಿ 1802ರಲ್ಲಿ ಶೋಧನೆ ನಡೆಸಿದ ವಾರನ್ ಈತನೇ. ಮದರಾಸಿನ ರೇಖೆಯಿಂದ ನೂರಅರವತ್ತು ಮೈಲಿಯ ತ್ರಿಕೋನಮಾಲೆಯ ಮೂಲಕ ಲೆಕ್ಕಹಾಕಿ ಕಂಡುಹಿಡಿದ ಉದ್ದಕ್ಕೂ, ಬೆಂಗಳೂರಿನ ನೆಲದ ಮೇಲೆ ಸರಪಣಿ ಹಿಡಿದು ಅಳೆದ ಉದ್ದಕ್ಕೂ ಕಂಡುಬಂದ ವ್ಯತ್ಯಾಸವು 3.7 ಅಂಗುಲ ಮಾತ್ರ! ಏಳು ಮೈಲಿಗೆ ನಾಲ್ಕು ಅಂಗುಲವಿಲ್ಲ. ಭರತಖಂಡವನ್ನು ತ್ರಿಕೋನಗಳಿಂದ ಅಳೆಯಬಹುದೆಂಬುದು ಅಂದು ಈ ಊರಿನಲ್ಲಿ ರುಜುವಾತಾಯಿತು.

ಇಲ್ಲಿಂದ ಜಾಲವು ಎರಡು ದಿಕ್ಕಿಗೆ ಹೊರಟಿತು. ಒಂದು ಪಶ್ಚಿಮಕ್ಕೆ. ಬಸವೇಶ್ವರನಗರದವರು ಮಾಗಡಿ ರಸ್ತೆಯನ್ನು ಹಿಡಿದು ತಾವರೆಕೆರೆಯನ್ನು ದಾಟಿ ಹೋದರೆ ಕಾಣುವ ಸಾವನದುರ್ಗದ ಹೆಬ್ಬಂಡೆಯು ಲ್ಯಾಂಬ್ಟನ್ನನ ತ್ರಿಕೋನಗಳ ಒಂದು ತುದಿಯಾಗಿತ್ತು. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಫಿರಂಗಿಗಳು ಹಿಡಿದುಕೊಂಡ ಕೋಟೆಯ ನೆತ್ತಿಯಲ್ಲಿ ಹದಿಮೂರು ವರ್ಷ ಕಳೆಯುವುದರೊಳಗೆ ದೂರದರ್ಶಕದ ಕಣ್ಣು ತೆರೆಯಿತು. ಆ ಮಾಲೆಯು ಮಂಗಳೂರಿನ ಕಡಲತೀರವನ್ನು ಮುಟ್ಟಿದಾಗ, ಹಳೆಯ ನಕ್ಷೆಗಳಲ್ಲಿ ನಾನೂರು ಮೈಲಿಯೆಂದು ಬರೆದಿದ್ದ ದಕ್ಷಿಣಾಪಥದ ಅಗಲವು ಮುನ್ನೂರ ಅರವತ್ತೇ ಮೈಲಿಯೆಂದು ತಿಳಿಯಿತು. ನಲವತ್ತು ಮೈಲಿ ನೆಲವು ಕಾಗದದ ಮೇಲಿಂದ ಮಾಯವಾಯಿತು!

ಇನ್ನೊಂದು ಮಾಲೆಯು ಉತ್ತರ ದಕ್ಷಿಣವಾಗಿ ಹೊರಟಿತು. ಲೋಕದ ಮೋಜಣಿಗ್ರಂಥಗಳಲ್ಲಿ ಮಹಾಚಾಪವೆಂದು ಹೆಸರಾದುದು ಇದೇ. ಕನ್ಯಾಕುಮಾರಿಯ ಬಳಿಯಿಂದ ಬೆಂಗಳೂರಿನ ದೊಡ್ಡಗುಂಟೆ, ಪಾವಗಡ, ಬೀದರಿನ ಆಸುಪಾಸು, ಹೀಗೆ ಕನ್ನಡನಾಡನ್ನು ಸೀಳಿಕೊಂಡು ಅದು ಮೇಲಕ್ಕೇರಿತು. ಲ್ಯಾಂಬ್ಟನ್ನನು 1823ರಲ್ಲಿ ಮಧ್ಯಪ್ರಾಂತದ ಹಿಂಗನಘಾಟಿನಲ್ಲಿ ಕೆಲಸದ ನಡುವೆಯೇ ತೀರಿಕೊಂಡನು. ಆತನ ಸಹಾಯಕನಾಗಿದ್ದ ಜಾರ್ಜ್ ಎವರೆಸ್ಟ್ ಅದನ್ನು ಮುಂದುವರಿಸಿ ಡೆಹ್ರಾಡೂನಿಗೆ ತಲುಪಿಸಿದನು. ಸುಮಾರು 2,400 ಕಿಲೋಮೀಟರುಗಳ ಈ ಬೆನ್ನುಮೂಳೆಗೆ ಅಡ್ಡಲಾಗಿ, ಹಿಮಾಲಯದ ಬುಡದ ತರಾಯಿ ಕಾಡಿನ ಉದ್ದಕ್ಕೂ, ಮತ್ತೊಂದು ತ್ರಿಕೋನಮಾಲೆಯನ್ನು ಎವರೆಸ್ಟನ ಉತ್ತರಾಧಿಕಾರಿಯಾದ ಆಂಡ್ರೂ ವಾ ಎಂಬವನು ಮುಗಿಸಿದನು. ನೇಪಾಳವು ಪರಕೀಯರನ್ನು ಒಳಗೆ ಬಿಡದುದರಿಂದ 1849 ಮತ್ತು 1850ರಲ್ಲಿ ಜೇಮ್ಸ್ ನಿಕೋಲ್ಸನ್ ಎಂಬವನು ತರಾಯಿಯಲ್ಲಿಯೇ ನಿಂತು, ನೂರು ಮೈಲಿಗೂ ಮೀರಿದ ದೂರದಿಂದ, "15ನೆಯ ಶಿಖರ" ಎಂಬ ನಂಬರು ಹೊತ್ತ ಒಂದು ಬಿಳಿಯ ತುದಿಯನ್ನು ಮತ್ತೆಮತ್ತೆ ನೋಡಿ ಕೋನಗಳನ್ನು ಬರೆದುಕೊಂಡನು. ಬಳಿಕ ಆತನು ಮಲೇರಿಯಕ್ಕೆ ಗುರಿಯಾಗಿ ಕೆಲಸವನ್ನೇ ಬಿಡಬೇಕಾಯಿತು.

ಇಲ್ಲಿಯವರೆಗೆ ಬಂದ ಹೆಸರುಗಳನ್ನು ವಾಚಕರು ಗಮನಿಸಿರಬಹುದು. ಲ್ಯಾಂಬ್ಟನ್, ವಾರನ್, ಎವರೆಸ್ಟ್, ವಾ, ನಿಕೋಲ್ಸನ್. ಹಾಗಾದರೆ ಅರ್ಧ ಟನ್ನು ತೂಕದ ಮಹಾ ಥಿಯೋಡೊಲೈಟನ್ನು ಬೆಟ್ಟದ ನೆತ್ತಿಗೆ ಹೊತ್ತವರು ಯಾರು? ಸರಪಣಿಯ ಪೆಟ್ಟಿಗೆಗಳನ್ನು ಮಟ್ಟಹಿಡಿದು ಕುಳಿತವರು ಯಾರು? ದೃಷ್ಟಿಗೆ ಅಡ್ಡವಾದ ಮರಗಳನ್ನು ಕಡಿದು, ರಾತ್ರಿಯೆಲ್ಲ ಗುಡ್ಡದ ಮೇಲೆ ದೀಪ ಹಿಡಿದು ನಿಂತು, ತರಾಯಿಯ ಜ್ವರದಲ್ಲಿ ಬಿದ್ದವರು ಯಾರು? ಅವರು ಖಲಾಸಿಗಳು, ಕೂಲಿಗಳು, ಹರಕಾರರು. ಈ ದೇಶದ ಬಡವರು. ನಮ್ಮ ಮಿತ್ರರನ್ನು ಈ ವಿಚಾರವಾಗಿ ಕೇಳಿದಾಗ ಅವರು ಕೊಂಚ ಹೊತ್ತು ಸುಮ್ಮನಿದ್ದು, "ಸ್ವಾಮಿ, ನನ್ನ ಕೈಕೆಳಗೆ ಸರಪಣಿ ಹಿಡಿದವನೊಬ್ಬ ಇಪ್ಪತ್ತು ವರ್ಷ ಬಿಸಿಲಲ್ಲಿ ನಡೆದ. ನಕ್ಷೆಗಳ ಮೇಲೆಲ್ಲ ನನ್ನ ರುಜುವಿದೆ. ಅವನ ಹೆಸರು ಒಂದರಲ್ಲಿಯೂ ಇಲ್ಲ" ಎಂದರು. ಇದಕ್ಕಿಂತ ಹೆಚ್ಚಿನ ವ್ಯಾಖ್ಯಾನವನ್ನು ನಾವು ಮಾಡಲಾರೆವು.

ಹೆಸರು ಉಳಿದ ಕೆಲವರೂ ಉಂಟು. ಆರ್ಕಾಟಿನ ಕಡೆಯ ಸೈಯದ್ ಮೀರ್ ಮೊಹಸಿನ್ ಹುಸೇನ್ ಎಂಬ ಕುಶಲಕರ್ಮಿಯು ಬ್ಯಾರೋ ಎಂಬ ಇಂಗ್ಲಿಷ್ ಉಪಕರಣಗಾರನ ತರುವಾಯ ಮೋಜಣಿಯ ಸೂಕ್ಷ್ಮ ಯಂತ್ರಗಳನ್ನೆಲ್ಲ ದುರಸ್ತು ಮಾಡಿ ನಡೆಸಿದನು. ಬಂಗಾಳದ ರಾಧಾನಾಥ ಸಿಕ್ದರರು 1831ರಲ್ಲಿ, ಹದಿನೆಂಟರ ಪ್ರಾಯದಲ್ಲಿ, ಲೆಕ್ಕಿಗರಾಗಿ ಸೇರಿ ತಮ್ಮ ಗಣಿತಪ್ರಭಾವದಿಂದ ಮುಖ್ಯ ಗಣಕರ ಪದವಿಗೆ ಏರಿದರು. ನಿಕೋಲ್ಸನ್ನನ ಕೋನಗಳಿಂದ ಭೂಮಿಯ ಬಾಗನ್ನೂ, ಗಾಳಿಯಲ್ಲಿ ಬೆಳಕು ಬಾಗುವುದನ್ನೂ ಕಳೆದು, ಆರು ಠಾಣೆಗಳ ಲೆಕ್ಕವನ್ನು ಸರಾಸರಿ ಮಾಡಿ ಶಿಖರದ ಎತ್ತರವನ್ನು 29,002 ಅಡಿಯೆಂದು ನಿರ್ಣಯಿಸಿದ ಗಣಿತಕಾರ್ಯದಲ್ಲಿ ಅವರದು ಪ್ರಮುಖ ಪಾತ್ರವೆಂದು ಪ್ರಸಿದ್ಧಿಯಿದೆ. 1852ರಲ್ಲಿ ಅವರು ವಾನ ಬಳಿಗೆ ಓಡಿಬಂದು ಜಗತ್ತಿನ ಅತ್ಯುನ್ನತ ಶಿಖರವನ್ನು ಕಂಡುಹಿಡಿದೆನೆಂದು ಹೇಳಿದರೆಂಬ ಕಥೆಯನ್ನು ಇತಿಹಾಸಜ್ಞರೆಲ್ಲರೂ ಒಪ್ಪುವುದಿಲ್ಲ. ಆದರೆ ಈ ಪುರುಷನ ಯೋಗ್ಯತೆಯನ್ನು ತಿಳಿಯಲು ಆ ಕಥೆಯ ಅವಶ್ಯಕತೆಯೂ ಇಲ್ಲ. 1843ರಲ್ಲಿ ಡೆಹ್ರಾಡೂನಿನ ಮ್ಯಾಜಿಸ್ಟ್ರೇಟನು ಮೋಜಣಿ ಇಲಾಖೆಯ ಕೂಲಿಗಳನ್ನು ಬಿಟ್ಟಿಗೆ ಹಿಡಿದು ತನ್ನ ಸಾಮಾನು ಹೊರಿಸಿದಾಗ ಸಿಕ್ದರರು ಎದುರುನಿಂತು ಆ ಸಾಮಾನನ್ನೇ ತಡೆಹಿಡಿದರು. ಅದಕ್ಕಾಗಿ ಇನ್ನೂರು ರೂಪಾಯಿ ಜುಲ್ಮಾನೆ ತೆತ್ತರು. ಹಿಮಶಿಖರದ ಲೆಕ್ಕಕ್ಕಿಂತ ಈ ಜುಲ್ಮಾನೆಯು ನಮ್ಮ ಕಣ್ಣಿಗೆ ಚಿಕ್ಕದಾಗಿ ಕಾಣುವುದಿಲ್ಲ.

ಶಿಖರಕ್ಕೆ ಮಾತ್ರ ಹೆಸರಾದದ್ದು, ಅದನ್ನು ತ್ರಿಕೋನದಲ್ಲಿ ಹಿಡಿಯದ ಎವರೆಸ್ಟನದು. ವಾ ಈ ಹೆಸರನ್ನು ಸೂಚಿಸಿದಾಗ ಎವರೆಸ್ಟನೇ ಆಕ್ಷೇಪಿಸಿ, ಇದನ್ನು ಈ ದೇಶದ ಜನರು ಬರೆಯಲಾರರು, ನುಡಿಯಲಾರರು ಎಂದನೆಂಬುದು ಆತನಿಗೆ ಗೌರವ ತರುವ ಸಂಗತಿ. 1865ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯು ಅದನ್ನೇ ಸ್ಥಿರಪಡಿಸಿತು. ಸಿಕ್ದರರಿಗೆ ದೊರೆತ ಗತಿ ಇನ್ನೊಂದು ಬಗೆಯದು. 1851ರ ಮೋಜಣಿ ಕೈಪಿಡಿಯಲ್ಲಿ ಗಣಿತದ ಭಾಗಗಳಿಗೆ ಅವರಿಗೆ ಸಲ್ಲಿಸಿದ್ದ ಕೃತಜ್ಞತೆಯನ್ನು, ಅವರು 1870ರಲ್ಲಿ ತೀರಿಕೊಂಡ ಮೇಲೆ ಬಂದ ಮೂರನೆಯ ಮುದ್ರಣದಲ್ಲಿ ಸದ್ದಿಲ್ಲದೆ ಕಿತ್ತುಹಾಕಿದರು. 1876ರಲ್ಲಿ ಇಂಗ್ಲಿಷರದೇ ಪತ್ರಿಕೆಯಾದ ಫ್ರೆಂಡ್ ಆಫ್ ಇಂಡಿಯಾ ಇದನ್ನು ಮೃತನ ಸ್ವತ್ತಿನ ಕಳವೆಂದು ಖಂಡಿಸಿತು. ಪತ್ರಿಕಾಧರ್ಮವೆಂದರೆ ಇದಲ್ಲವೆ? ಸ್ವತಂತ್ರ ಭಾರತವು 2004ರಲ್ಲಿ ಅವರ ಸ್ಮರಣೆಗೆ ಅಂಚೆಚೀಟಿಯನ್ನು ಹೊರಡಿಸಿತು.

ಅಳತೆಯು ಅಲ್ಲಿಗೆ ಮುಗಿಯಲಿಲ್ಲ. ನಮ್ಮ ಸರ್ವೆ ಆಫ್ ಇಂಡಿಯಾದವರು 1952ರಿಂದ 1954ರವರೆಗೆ ಹೊಸದಾಗಿ ನೋಡಿ 8,848 ಮೀಟರೆಂದು ನಿರ್ಣಯಿಸಿದರು. ಅರ್ಧ ಶತಮಾನಕ್ಕೂ ಮೇಲ್ಪಟ್ಟು ಲೋಕವು ಅದನ್ನೇ ಪಠಿಸಿತು. 2005ರಲ್ಲಿ ಚೀನದವರು ಹಿಮದ ಟೊಪ್ಪಿಗೆಯನ್ನು ಬಿಟ್ಟು ಬಂಡೆಯ ಎತ್ತರ 8,844.43 ಮೀಟರೆಂದರು. ನೇಪಾಳದವರು ಹಿಮವನ್ನು ಬಿಡಲೊಪ್ಪಲಿಲ್ಲ. ನಾಲ್ಕು ಮೀಟರು ಹಿಮಕ್ಕಾಗಿ ಎರಡು ಸರಕಾರಗಳು ವರ್ಷಗಟ್ಟಲೆ ಮಾತು ಬೆಳೆಸಿದವು. 2015ರ ಏಪ್ರಿಲಿನ ಮಹಾಭೂಕಂಪದ ಬಳಿಕ ಶಿಖರವು ಕುಗ್ಗಿರಬಹುದೆಂಬ ಸಂದೇಹ ಬಂದಾಗ 2019ರಲ್ಲಿ ನೇಪಾಳದ ಮೋಜಣಿದಾರರೂ, 2020ರಲ್ಲಿ ಚೀನದವರೂ ಉಪಗ್ರಹಗಳ ಸಂಕೇತವನ್ನು ಹಿಡಿಯುವ ಯಂತ್ರಗಳೊಡನೆ ನೆತ್ತಿಯನ್ನು ಹತ್ತಿದರು. 2020ರ ಡಿಸೆಂಬರ್ 8ರಂದು ಎರಡು ರಾಜ್ಯಗಳೂ ಒಂದೇ ಬಾಯಿಂದ 8,848.86 ಮೀಟರು, ಎಂದರೆ 29,031 ಅಡಿ ಮತ್ತು ಕೆಲವು ಅಂಗುಲ, ಎಂದು ಸಾರಿದವು. ನೂರು ಮೈಲಿಯಾಚೆ ಜ್ವರದ ಕಾಡಿನಲ್ಲಿ ನಿಂತು ನೋಡಿದ 29,002 ಅಡಿಗೂ ಇದಕ್ಕೂ ಅಂತರವು ಸಾವಿರಕ್ಕೆ ಒಂದರಷ್ಟು. ಆಧಾರವು ಗಟ್ಟಿಯಾಗಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಈ ಅಂಕೆಗಳಿಂದ ಸಾಮಾನ್ಯನಿಗೇನು ಪ್ರಯೋಜನವೆಂದು ಕೇಳುವವರಿದ್ದಾರೆ. ಹಿಮವು ಕರಗುತ್ತಿದೆಯೆಂದು ನಾವಿಂದು ತಿಳಿದಿರುವುದು ಹಿಂದಿನವರು ಅಳೆದಿಟ್ಟುದರಿಂದ. ಶಿಖರದ ಕೆಳಗಿನ ದಕ್ಷಿಣ ಕಣಿವೆಯ ಹಿಮನದಿಯಲ್ಲಿ ಎರಡು ಸಾವಿರ ವರ್ಷಗಳಲ್ಲಿ ಕೂಡಿದ ಮಂಜುಗಡ್ಡೆಯು ಇತ್ತೀಚಿನ ಕೆಲವೇ ದಶಕಗಳಲ್ಲಿ ಕರಗಿಹೋಗಿದೆಯೆಂದು 2022ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಹಳೆಯ ಗುರುತಿಲ್ಲದಿದ್ದರೆ ಎಷ್ಟು ಕಳೆದುಕೊಂಡೆವೆಂಬುದು ಹೇಗೆ ಗೊತ್ತಾದೀತು? ಹಿಮಾಲಯದ ಮಾತು ಹಾಗಿರಲಿ. ಕೆಂಗೇರಿಯ ಕಡೆಯ ಜಮೀನು ಬಲ್ಲವರನ್ನು ಕೇಳಿರಿ. ಒಂದು ಬಾಂದುಕಲ್ಲನ್ನು ರಾತ್ರೋರಾತ್ರಿ ಕಿತ್ತರೆ ಅಣ್ಣತಮ್ಮಂದಿರು ಇಪ್ಪತ್ತು ವರ್ಷ ಕೋರ್ಟಿನ ಮೆಟ್ಟಿಲು ಹತ್ತಬೇಕಾಗುತ್ತದೆ. ಹೊಲದ ಮಟ್ಟಿಗೆ ಈ ಸತ್ಯವನ್ನು ಅರಿತ ನಾವು ನಾಡಿನ ಮಟ್ಟಿಗೆ ಮರೆತುಬಿಟ್ಟಿದ್ದೇವೆ.

ಅಭಿಮಾನಿಗಳಾದ ಕೆಲವರು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಈ ಮೋಜಣಿಯು ಕಂಪೆನಿಯ ಸರಕಾರವು ತನ್ನ ಕಂದಾಯಕ್ಕಾಗಿ, ಸೈನ್ಯದ ಸಂಚಾರಕ್ಕಾಗಿ ಮಾಡಿಸಿದ್ದಲ್ಲವೆ? ಗೆದ್ದವರು ನಮ್ಮ ನೆಲದ ಮೇಲೆ ಎಳೆದ ಸರಪಣಿಗೆ ನಾವೇಕೆ ಹೂ ಏರಿಸಬೇಕು? ಆಕ್ಷೇಪದಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಸರಪಣಿಯೆಂಬ ಶಬ್ದಕ್ಕೆ ಕನ್ನಡದಲ್ಲಿ ಎರಡರ್ಥವಿದೆ. ಅಂದು ಎರಡೂ ಅರ್ಥಗಳು ಸಲ್ಲುತ್ತಿದ್ದವು. ಟೀಪೂವಿನ ರಾಜಧಾನಿ ಬೀಳದೆ ಇದ್ದರೆ ಲ್ಯಾಂಬ್ಟನ್ನನು ಬೆಂಗಳೂರಿನಲ್ಲಿ ಡೇರೆ ಹೊಡೆಯುತ್ತಿರಲಿಲ್ಲ. ಆದರೆ ಆ ಸರಪಣಿಯನ್ನು ಹಿಡಿದ ಕೈ ನಮ್ಮದು, ಲೆಕ್ಕದಲ್ಲಿ ದುಡಿದ ಮಿದುಳು ನಮ್ಮದು, ಅಳತೆಗೊಂಡ ನೆಲ ನಮ್ಮದು. ಆಳಿದವರು ಹೋದರು; ಅಳತೆ ಉಳಿಯಿತು. ಅದು ಉಳಿದುದರಲ್ಲಿ ನಮ್ಮ ಹಿರಿಯರ ಪಾಲೆಷ್ಟೆಂಬುದನ್ನು ನಾವೇ ಬರೆದಿಡದಿದ್ದರೆ, ಮೂರನೆಯ ಮುದ್ರಣದಲ್ಲಿ ಸಿಕ್ದರರ ಹೆಸರನ್ನು ಕಿತ್ತವರಿಗೂ ನಮಗೂ ಭೇದವೇನು?

ತಲೆತಗ್ಗಿಸಬೇಕಾದ ಸಂಗತಿಯೆಂದು ಮೊದಲಿಗೆ ಹೇಳಿದುದು ಇದನ್ನೇ. ಬೆಂಗಳೂರಿನ ಆಧಾರರೇಖೆಯನ್ನು 1868ರಲ್ಲಿ ಇನ್ನೂ ಸೂಕ್ಷ್ಮವಾದ ಸಲಾಕೆಗಳಿಂದ ಮತ್ತೊಮ್ಮೆ ಅಳೆದರು. ಆ ರೇಖೆಯ ಗುರುತಾಗಿ ನಗರದ ಈಶಾನ್ಯಕ್ಕೆ, ಹೆಣ್ಣೂರು ಬಾಗಲೂರು ರಸ್ತೆಯ ಕಣ್ಣೂರಿನಲ್ಲಿ, ಒಂದು ಚಿಕ್ಕ ಠಾಣೆಯ ಕಟ್ಟಡವಿದ್ದಿತು. ನೂರೈವತ್ತು ವರ್ಷ ಮಳೆಬಿಸಿಲುಗಳನ್ನು ತಡೆದ ಆ ಕಟ್ಟಡವು 2024ರಲ್ಲಿ ಕುಸಿದುಬಿದ್ದಿತು. ಇತಿಹಾಸಾಸಕ್ತರಾದ ಕೆಲವರು ಮರುಗಿದರು. ಉಳಿದ ನಗರವು ಆ ದಾರಿಯಲ್ಲಿ ದಿನವೂ ಓಡಾಡುತ್ತಿದ್ದರೂ ಅದನ್ನು ನೋಡಿರಲಿಲ್ಲ. ನಮ್ಮದಲ್ಲದ ಶಿಖರವನ್ನು ಹತ್ತಿ ಬಂದವರಿಗೆ ನಾವು ಹಾರ ಹಾಕುತ್ತೇವೆ. ಹಾಕುವುದು ಯುಕ್ತವೂ ಹೌದು. ನಮ್ಮದೇ ಆದ ಆಧಾರವು ಮಣ್ಣಾಗುವಾಗ ನಾವು ಬೇರೆ ಕಡೆ ನೋಡುತ್ತೇವೆ.

ಈ ವಿಷಯದಲ್ಲಿ ಅಧಿಕಾರಿವರ್ಗಕ್ಕೂ ನಾಗರಿಕರಿಗೂ ನಮ್ಮ ಅರಿಕೆ ಇಷ್ಟು. ಕರ್ನಾಟಕದಲ್ಲಿ ಈ ಮಹಾ ಮೋಜಣಿಯ ಠಾಣೆಗಳಾಗಿದ್ದ ಬೆಟ್ಟಗಳ, ಬಯಲುಗಳ ಪಟ್ಟಿಯೊಂದನ್ನು ಪ್ರಾಚ್ಯವಸ್ತು ಇಲಾಖೆಯವರೂ ಸರ್ವೆ ಆಫ್ ಇಂಡಿಯಾದವರೂ ಕೂಡಿ ಸಿದ್ಧಪಡಿಸಿ ಕನ್ನಡದಲ್ಲಿ ಪ್ರಕಟಿಸಲಿ. ಗುರುತು ಉಳಿದಿರುವ ಕಡೆಯಲ್ಲಿ ರಕ್ಷಣೆ ಕೊಡಲಿ. ಅಳಿದಿರುವ ಕಡೆಯಲ್ಲಿ ಒಂದು ಕಲ್ಲನ್ನು ನೆಡಲಿ. ಆ ಕಲ್ಲಿನ ಮೇಲೆ ಸಾಹೇಬರ ಹೆಸರು ಎಷ್ಟು ದೊಡ್ಡ ಅಕ್ಷರದಲ್ಲಿದ್ದೀತೋ, ಹೆಸರು ತಿಳಿಯದ ಸರಪಣಿಯವರೂ ಖಲಾಸಿಗಳೂ ಇಲ್ಲಿ ದುಡಿದರೆಂಬ ಸಾಲು ಅಷ್ಟೇ ದೊಡ್ಡ ಅಕ್ಷರದಲ್ಲಿರಲಿ. ರಾಜಾಜಿನಗರ, ವಿಜಯನಗರ, ಕೆಂಗೇರಿಗಳ ಶಾಲೆಗಳವರು ಮಕ್ಕಳನ್ನು ವರ್ಷಕ್ಕೊಮ್ಮೆ ಸಾವನದುರ್ಗಕ್ಕೆ ಕರೆದೊಯ್ದು, ಒಂದು ಹಗ್ಗ, ಒಂದು ಕೋನಮಾಪಕ ಕೊಟ್ಟು, ಬಂಡೆಯ ಎತ್ತರವನ್ನು ಕೆಳಗೆ ನಿಂತೇ ಅಳೆಯಿಸಲಿ. ಸಮುದ್ರಮಟ್ಟದಿಂದ 1,226 ಮೀಟರಿರುವ ಆ ಬೆಟ್ಟವು ಎವರೆಸ್ಟಿನ ಏಳನೆಯ ಒಂದು ಪಾಲೂ ಇಲ್ಲ. ಲೆಕ್ಕ ಮಾತ್ರ ಎರಡಕ್ಕೂ ಒಂದೇ. ಇದಾವುದಕ್ಕೂ ಲಕ್ಷೋಪಲಕ್ಷ ರೂಪಾಯಿ ಬೇಕಾಗುವುದಿಲ್ಲ, ಮನಸ್ಸು ಬೇಕು.

ನಾವು ಹೇಳುವುದನ್ನೆಲ್ಲ ಕೇಳಿದ ಆ ಬಾಲಕನು ಕೊನೆಗೆ ತಾತನ ಕಡೆಗೆ ತಿರುಗಿ, "ನಿಮ್ಮ ಸರಪಣಿ ಹಿಡಿಯುತ್ತಿದ್ದವರ ಹೆಸರೇನು, ತಾತ?" ಎಂದು ಕೇಳಿದನು. ನಮ್ಮ ಮಿತ್ರರು ಹೆಸರನ್ನು ಹೇಳಿದರು. ಹುಡುಗನು ತನ್ನ ಭೂಗೋಳ ಪುಸ್ತಕದ ಹಿಂದಿನ ಹಾಳೆಯಲ್ಲಿ ಅದನ್ನು ಬರೆದುಕೊಂಡನು. ಬರುವ ಆದಿತ್ಯವಾರ ತಾತ ಮೊಮ್ಮಕ್ಕಳಿಬ್ಬರೂ ಮಾಗಡಿ ರಸ್ತೆಯ ಬಸ್ಸು ಹತ್ತುವರಂತೆ. ಸರಕಾರದ ಕಲ್ಲು ಬರುವವರೆಗೆ ಕಾಯುವ ತಾಳ್ಮೆ ಹುಡುಗನಿಗಿಲ್ಲ.